ರೋಮಾ ಅಂದ್ರೆ ರೋಮ್‌ನವರಾ? ತಾಂಡಾದ ಹುಡುಗನಿಗೆ ಏನು ಹೇಳಲಿ?

ಚಿಂಚೋಳಿ_ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ್ರೀ. ನಾನು ಚಿಂಚೋಳಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ಕ್ಲಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಮಕ್ಕಳು ತಾಂಡಾದವರು. ಎರಡನೇ ಮಹಾಯುದ್ಧದ ಪಾಠ ನಡೆದಿತ್ತು. ಹಿಟ್ಲರ್ ಯಹೂದಿಗಳ ಜೊತೆ ಜಿಪ್ಸಿಗಳನ್ನೂ ಕೊಲ್ಲಿಸಿದ ಅಂತ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಮೇಡಂ, ಜಿಪ್ಸಿ ಅಂದ್ರೆ ಪೊಲೀಸರ ಗಾಡಿ ಅಲ್ವಾ?’ ಅಂದ. ಅವನ ತಪ್ಪೇನಿಲ್ಲ, ಅವನು ಆ ಹೆಸರನ್ನು ನೋಡಿದ್ದು ಠಾಣೆ ಮುಂದೆ ನಿಂತ ಜೀಪಿನ ಮೇಲೆ ಮಾತ್ರ. ಅದು ಮೊದಲು ಒಂದು ಜನಾಂಗಕ್ಕೆ ಬೇರೆಯವರು ಇಟ್ಟ ಹೆಸರು, ಈಗ ರೋಮಾ ಅಂತ ಕರೆಯುತ್ತಾರೆ ಅಂದೆ. ‘ಅಂದ್ರೆ ರೋಮ್ ದೇಶದವರಾ?’ ಅಂತ ಇನ್ನೊಬ್ಬಳು ಕೇಳಿದಳು. ಅಷ್ಟರಲ್ಲಿ ಅದೇ ಹುಡುಗ ಮತ್ತೆ ಎದ್ದು, ‘ಇಲ್ಲ ಮೇಡಂ, ನಮ್ಮ ಕಾಕಾನ ಮೊಬೈಲಿಗೆ ಮೆಸೇಜ್ ಬಂದಿತ್ತು. ಅವರು ನಮ್ಮ ಲಂಬಾಣಿಯವರೇ ಅಂತೆ. ರಾಣಾ ಪ್ರತಾಪನ ಸೈನ್ಯದಲ್ಲಿದ್ದವರು ಸೋತ ಮೇಲೆ ಯುರೋಪಿಗೆ ಹೋದರಂತೆ’ ಅಂದ.

ನಾಳೆ ಹೇಳುತ್ತೇನೆ ಅಂದವಳು ಎರಡು ವಾರ ಸುಮ್ನೆ ಇದ್ದೇನೆ. ನಿನ್ನೆ ಮತ್ತೆ ಕೇಳಿದ. ಅವನ ಮುಖದಲ್ಲಿ ಒಂದು ಆಸೆ ಕಾಣಿಸಿತು, ನಮ್ಮವರು ಅಷ್ಟು ದೂರ ಹೋಗಿದ್ದಾರೆ ಅನ್ನುವ ಆಸೆ. ಅದನ್ನು ಚಿವುಟಿ ಹಾಕಲು ನನಗೆ ಮನಸ್ಸಿಲ್ಲ, ಸುಳ್ಳು ಹೇಳಲೂ ಮನಸ್ಸಿಲ್ಲ. ಆ ಹೆಸರಿನ ಅರ್ಥ ಏನು, ಎಲ್ಲಿಂದ ಬಂತು, ಅವರಿಗೂ ನಮಗೂ ಏನು ಸಂಬಂಧ? ಗೊತ್ತಿದ್ದವರು ದಯವಿಟ್ಟು ಹೇಳಿ.

ಶಬ್ದದ_ಬೇರು (ಕಲಬುರಗಿ):

ಟೀಚರ್ರೆ, ಒಳ್ಳೆ ಪ್ರಶ್ನೆ ಕೇಳಿದ್ದೀರಿ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ರೋಮ್ ಊರನ್ನೂ ರೊಮೇನಿಯಾ ದೇಶವನ್ನೂ ಪಕ್ಕಕ್ಕಿಡಿ. ಆ ಎರಡೂ ಹೆಸರು ಲ್ಯಾಟಿನ್ ಕಡೆಯವು. ರೋಮಾ ಜನರ ಹೆಸರು ಅವರ ಮನೆಮಾತಿನದ್ದು. ಕಿವಿಗೆ ಒಂದೇ ಥರ ಕೇಳಿಸುತ್ತದೆ ಅಷ್ಟೇ. ಈ ಗೊಂದಲ ಅಲ್ಲಿಯೂ ಇದೆ. ರೊಮೇನಿಯಾದಲ್ಲಿ ‘ನಮ್ಮನ್ನೂ ಇವರನ್ನೂ ಹೊರಗಿನವರು ಒಂದೇ ಅಂದುಕೊಳ್ಳುತ್ತಾರೆ’ ಅಂತ ದೊಡ್ಡ ಚರ್ಚೆ ಎದ್ದು, ರೋಮ್ ಅನ್ನುವುದನ್ನು ಎರಡು ‘ರ’ ಹಾಕಿ ಬರೆಯುವ ರೂಢಿಯೂ ಬಂತು. ಅದೇ ದೇಶದ ನೆಲದಲ್ಲಿ, ವಲಾಕಿಯಾ ಮತ್ತು ಮಾಲ್ಡೇವಿಯಾ ಸಂಸ್ಥಾನಗಳಲ್ಲಿ, ಈ ಜನರನ್ನು ನೂರಾರು ವರ್ಷ ಗುಲಾಮರಾಗಿ ಇಟ್ಟುಕೊಂಡಿದ್ದರು. ಬಿಡುಗಡೆ ಪೂರ್ತಿಯಾಗಿದ್ದು 1855-56ರಲ್ಲಿ.

ಅವರ ಮಾತಿನಲ್ಲಿ ‘ರೋಮ್’ ಅಂದರೆ ನಮ್ಮ ಜನದ ಗಂಡಸು. ಕಟ್ಟಿಕೊಂಡ ಗಂಡನಿಗೂ ಅದೇ ಪದ. ‘ರೋಮ್ನಿ’ ಅಂದರೆ ಹೆಂಗಸು, ಹೆಂಡತಿ. ಬಹುವಚನ ‘ರೋಮಾ’. ‘ರೋಮಾನಿ’ ಅಂದರೆ ರೋಮಾ ಜನರಿಗೆ ಸೇರಿದ್ದು, ಅವರ ಭಾಷೆಗೂ ಅದೇ ಹೆಸರು. ಕನ್ನಡದವರಿಗೆ ಇದು ಬೇಗ ತಿಳಿಯುತ್ತದೆ, ನಮ್ಮಲ್ಲಿ ‘ಗಂಡು’, ‘ಗಂಡ’ ಇಲ್ವಾ, ಹಾಗೇ. ಒಂದೇ ಒಂದು ವ್ಯತ್ಯಾಸ: ಹೊರಗಿನ ಗಂಡಸಿಗೆ ರೋಮ್ ಅನ್ನುವುದಿಲ್ಲ. ಅವನು ‘ಗಾಜೊ’.

ಇನ್ನು ಬೇರು. ಹೆಚ್ಚಿನ ಭಾಷಾತಜ್ಞರು ಒಪ್ಪುವುದು ಇದು ಸಂಸ್ಕೃತದ ‘ಡೋಂಬ’ ಅನ್ನುವುದರಿಂದ ಬಂತು ಅಂತ. ಹಾಡು, ಕುಣಿತ, ಬಿದಿರಿನ ಕೆಲಸ, ಇಂಥ ಕಸುಬು ಮಾಡುತ್ತಿದ್ದವರಿಗೆ ಇಟ್ಟಿದ್ದ ಹೆಸರು. ಕಲ್ಹಣನ ರಾಜತರಂಗಿಣಿಯಲ್ಲಿ ಕಾಶ್ಮೀರದ ಅರಮನೆಯಲ್ಲಿ ಹಾಡಿದ ಡೋಂಬರ ಕಥೆ ಬರುತ್ತದೆ. ‘ಡ’ ಹೇಗೆ ‘ರ’ ಆಯಿತು ಅಂತ ಕೇಳಬಹುದು. ಇದಕ್ಕೆ ಕಲಬುರಗಿಯವರು ಪುಸ್ತಕ ನೋಡಬೇಕಾಗಿಲ್ಲ. ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಉರ್ದು ಮಾತಾಡುವ ಹಣ್ಣಿನ ಗಾಡಿಯವರು ‘ಗಾಡಿ’, ‘ಘೋಡಾ’ ಅನ್ನುವಾಗ ನಾಲಿಗೆ ಗಮನಿಸಿ. ನಮ್ಮ ಗಟ್ಟಿ ‘ಡ’ ಅಲ್ಲ ಅದು. ನಾಲಿಗೆಯ ತುದಿ ಮೇಲೆ ಮಡಚಿ ಒಮ್ಮೆ ಜಾರಿ ಕೆಳಗೆ ಬೀಳುತ್ತದೆ, ಡ ಮತ್ತು ರ ಎರಡರ ನಡುವೆ. ಅಲ್ಲಿಂದ ಇನ್ನೊಂದು ಹೆಜ್ಜೆ ಹಾಕಿದರೆ ‘ರ’. ರೋಮಾನಿಯಲ್ಲಿ ಆಗಿದ್ದು ಅದೇ. ಇದಕ್ಕೆ ಇನ್ನೊಂದು ಆಧಾರವೂ ಇದೆ. ಸಿರಿಯಾ, ಜೋರ್ಡನ್, ಪ್ಯಾಲೆಸ್ಟೀನ್ ಕಡೆ ಭಾರತದ ಮೂಲದ ಇಂಥದೇ ಜನ ತಮ್ಮನ್ನು ‘ದೋಮ್’ ಅಂತಾರೆ, ಅರ್ಮೇನಿಯಾದಲ್ಲಿರುವವರು ‘ಲೋಮ್’ ಅಂತಾರೆ. ದೋಮ್, ಲೋಮ್, ರೋಮ್. ಹಿಂದೆ ಮೂವರೂ ಒಂದೇ ಗುಂಪಾಗಿ ಹೊರಟವರು ಅಂದುಕೊಂಡಿದ್ದರು. ಈಗ ಬೇರೆ ಬೇರೆ ಕಾಲದಲ್ಲಿ ಹೋದವರು ಅನ್ನುವವರೇ ಜಾಸ್ತಿ.

ರಾಣಾ ಪ್ರತಾಪನ ಕಥೆ ಮಾತ್ರ ಕಾಲಕ್ಕೇ ಹೊಂದುವುದಿಲ್ಲ. ಹಳದಿಘಾಟ್ ಯುದ್ಧ ಆಗಿದ್ದು 1576ರಲ್ಲಿ. ರೋಮಾ ಜನ 1427ರಲ್ಲೇ ಪ್ಯಾರಿಸ್ ಬಾಗಿಲಲ್ಲಿ ನಿಂತಿದ್ದರು! ಅವರನ್ನು ನೋಡಿದ ಒಬ್ಬ ಪ್ಯಾರಿಸಿಗ ತನ್ನ ದಿನಚರಿಯಲ್ಲಿ ಕಿವಿ ಚುಚ್ಚಿಸಿಕೊಂಡು ಬೆಳ್ಳಿಯ ಓಲೆ ಹಾಕಿದ್ದರು ಅಂತ ಬರೆದಿಟ್ಟಿದ್ದಾನೆ.

ಬೆಣ್ಣೆತೊರೆ:

ಹಾಗಾದ್ರೆ ಜಿಪ್ಸಿ ಅನ್ನೋದು ಎಲ್ಲಿಂದ ಬಂತು ಸರ್? ಇನ್ನೊಂದು, ನಮ್ಮ ಶರಣರಲ್ಲಿ ಡೋಹರ ಕಕ್ಕಯ್ಯ ಇದ್ದಾರಲ್ಲ, ಆ ಡೋಹರ ಮತ್ತು ಈ ಡೋಂಬ ಒಂದೇನಾ?

ಶಬ್ದದ_ಬೇರು (ಕಲಬುರಗಿ):

ಎರಡನೆಯದಕ್ಕೆ ಮೊದಲು ಉತ್ತರ. ಕಕ್ಕಯ್ಯ ತೊಗಲು ಹದ ಮಾಡುವ ಕಾಯಕದವರು. ಡೋಂಬರದ್ದು ಆಟ-ಪಾಟದ ಕಸುಬು. ಸದ್ದು ಹತ್ತಿರ ಇದೆ ಅಂತ ಎರಡನ್ನೂ ಗಂಟು ಹಾಕಬೇಡಿ. ರೋಮ್ ಊರಿನ ವಿಷಯದಲ್ಲಿ ಆದ ತಪ್ಪೇ ಮತ್ತೆ ಆಗುತ್ತದೆ.

ಜಿಪ್ಸಿ ಅನ್ನುವುದು ‘ಈಜಿಪ್ಷಿಯನ್’ ಸವೆದು ಆದದ್ದು. ಯುರೋಪಿಗೆ ಬಂದಾಗ ಇವರು ‘ನಾವು ಪುಟ್ಟ ಈಜಿಪ್ಟಿನವರು, ಪ್ರಾಯಶ್ಚಿತ್ತಕ್ಕೆ ಯಾತ್ರೆ ಹೊರಟವರು’ ಅನ್ನುತ್ತಿದ್ದರು. ಯಾತ್ರಿಕರು ಅಂದರೆ ಊಟ, ಆಸರೆ ಸಿಗುತ್ತಿತ್ತು. ಸ್ಪೇನಿನ ‘ಹಿತಾನೊ’ ಕೂಡ ಈಜಿಪ್ಟಿನಿಂದಲೇ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ 1530ರಲ್ಲಿ ‘ಈಜಿಪ್ಷಿಯನ್ನರ ಕಾಯ್ದೆ’ ಅಂತಲೇ ಮಾಡಿ, ಹದಿನಾರು ದಿನದೊಳಗೆ ದೇಶ ಬಿಡಿ ಅಂದ. ಈಜಿಪ್ಟನ್ನು ಕಣ್ಣಲ್ಲೂ ನೋಡದ ಜನರ ಮೇಲೆ ಆ ಹೆಸರಿನ ಕಾಯ್ದೆ! ಫ್ರಾನ್ಸಿನಲ್ಲಿ ಇವರು ‘ಬೊಹೀಮಿಯಾದವರು’. ಯಾಕೆಂದರೆ ಆ ಕಡೆಯ ದೊರೆ ಸಿಗಿಸ್ಮಂಡ್ ಕೊಟ್ಟ ರಹದಾರಿ ಪತ್ರ ಇವರ ಕೈಯಲ್ಲಿತ್ತು.

ಮೂರನೆಯದು ಜರ್ಮನ್ನರ ‘ತ್ಸಿಗೊಯ್ನರ್’. ಹಂಗೇರಿ, ಟರ್ಕಿ, ರಷ್ಯಾದಲ್ಲೂ ಇದೇ ಪದದ ಅಣ್ಣ ತಮ್ಮಂದಿರಿದ್ದಾರೆ. ಇದು ಗ್ರೀಕಿನ ‘ಅಥಿಂಗನೋಯ್’ನಿಂದ ಬಂತು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಂದರೆ ‘ಮುಟ್ಟದವರು’. ಬೇರೆಯವರನ್ನು ಮುಟ್ಟಿದರೆ ಮೈಲಿಗೆ ಅನ್ನುತ್ತಿದ್ದ ಒಂದು ಹಳೆಯ ಪಂಥ ಅಲ್ಲಿತ್ತು, ಅದರ ಹೆಸರು ಇವರ ತಲೆಗೆ ಅಂಟಿಕೊಂಡಿತು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಮುಟ್ಟು, ಮುಟ್ಟಬೇಡ ಅನ್ನುವ ಊರಿನಿಂದ ಅಷ್ಟು ದೂರ ನಡೆದು ಹೋದವರಿಗೆ ಅಲ್ಲಿಯೂ ಅದೇ ಅರ್ಥದ ಹೆಸರು ಕಾದಿತ್ತಲ್ಲ ಅಂತ.

ಗೋರ್_ಕಲಬುರಗಿ:

ನಾನು ಲಂಬಾಣಿ. ಹುಟ್ಟಿದ್ದು ಆಳಂದ ಕಡೆಯ ತಾಂಡಾದಲ್ಲಿ, ಈಗ ಕಲಬುರಗಿಯಲ್ಲಿ ಕೆಲಸ. ಟೀಚರ್ರೆ, ಆ ಹುಡುಗನ ಪ್ರಶ್ನೆ ಓದಿ ನನಗೆ ನನ್ನ ಶಾಲೆ ನೆನಪಾಯಿತು. ನಮ್ಮನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ಏ ಲಮಾಣಿ’ ಅಷ್ಟೇ.

ಲಂಬಾಣಿ ಅನ್ನುವುದೂ ಹೊರಗಿನವರು ಇಟ್ಟ ಹೆಸರೇ. ಉಪ್ಪು ಸಾಗಿಸುತ್ತಿದ್ದ ಜನ, ಲವಣದಿಂದ ಲಮಾಣಿ, ಲಂಬಾಣಿ ಆಯಿತು ಅಂತ ಹೆಚ್ಚಿನವರು ಹೇಳುತ್ತಾರೆ. ಮನೆಯೊಳಗೆ ನಾವು ‘ಗೋರ್’, ‘ಗೋರ್‌ಮಾಟಿ’. ನಮ್ಮವರಲ್ಲದವರು ‘ಕೋರ್’. ಮೇಲೆ ಸರ್ ಬರೆದ ರೋಮ್ ಮತ್ತು ಗಾಜೊ ಓದುವಾಗ ನನಗೆ ಮೈ ಜುಂ ಅಂತು. ಅವರದ್ದೂ ಅದೇ ಲೆಕ್ಕ. ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು.

ಆ ಫಾರ್ವರ್ಡ್ ನನಗೂ ಬಂದಿತ್ತು. ಒಂದು ಕಾಲಕ್ಕೆ ನಾನೂ ನಾಲ್ಕು ಗ್ರೂಪಿಗೆ ಕಳಿಸಿದವನೇ. ಆಮೇಲೆ ಕೂತು ಮಾತು ಹೋಲಿಸಿ ನೋಡಿದೆ. ಅವರು ನೀರಿಗೆ ‘ಪಾನಿ’ ಅಂತಾರೆ, ನಾವು ‘ಪಾಣಿ’. ಮೂಗು ಅವರಿಗೆ ‘ನಖ್’, ನಮಗೆ ‘ನಾಕ್’. ಕಿವಿ ಅವರಿಗೆ ‘ಕನ್’, ನಮಗೆ ‘ಕಾನ್’. ಉಪ್ಪಿಗೆ ಅವರು ‘ಲೋನ್’ ಅಂತಾರೆ. ನಮ್ಮ ಹೆಸರಿನೊಳಗೆ ಕೂತಿರುವ ಲವಣವೇ ಅದು. ಆದರೆ ಎಣಿಸುವಾಗ ದಾರಿ ಬೇರೆಯಾಗುತ್ತದೆ. ನಾವು ಏಕ್, ದಿ, ತೀನ್, ಚಾರ್, ಪಾಂಚ್. ಅವರು ಯೇಖ್, ದುಯ್, ತ್ರಿನ್, ಶ್ತಾರ್, ಪಾಂಜ್. ಆ ‘ತ್ರಿನ್’ನಲ್ಲಿ ಹಳೆಯ ‘ತ್ರ’ ಹಾಗೇ ಉಳಿದಿದೆ, ನಮ್ಮಲ್ಲಿ ಸವೆದು ಹೋಗಿದೆ. ದ್ರಾಕ್ಷಿಗೆ ಅವರು ‘ದ್ರಾಖ್’ ಅಂತಾರಂತೆ. ನಮ್ಮ ಮಾತು ರಾಜಸ್ಥಾನದ ಕಡೆಯದ್ದು, ಅವರ ಮಾತು ಇಲ್ಲಿಂದ ಹೊರಟು ಎಷ್ಟೋ ಶತಮಾನ ಬೇರೆ ಬೆಳೆದದ್ದು. ಏಳು, ಎಂಟು, ಒಂಬತ್ತು ಅವರಿಗೆ ‘ಎಫ್ತಾ, ಓಖ್ತೊ, ಎನ್ಯಾ’. ಗ್ರೀಕರಿಂದ ತಗೊಂಡದ್ದು. ನಮ್ಮ ಹಿರಿಯರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಮೊಗಲರ ದಂಡಿನ ಹಿಂದೆ ದಖನ್ನಿಗೆ ಬಂದವರು. ಅವರು ಪಡುವಣಕ್ಕೆ ಹೋದರು, ಇವರು ತೆಂಕಣಕ್ಕೆ ಬಂದರು, ಅದೂ ನೂರಾರು ವರ್ಷದ ಅಂತರದಲ್ಲಿ. ಒಂದೇ ಜನ ಅಲ್ಲ, ಮಾತಿನ ಕಡೆಯಿಂದ ನೆಂಟರು. ಹುಡುಗನಿಗೆ ಹೀಗೇ ಹೇಳಿ ಟೀಚರ್ರೆ. ನೆಂಟರು ಅಂದರೂ ಅವನಿಗೆ ಖುಷಿಯಾಗುತ್ತದೆ, ನನಗೆ ಆಗಿದೆ.

1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟು ಕಾಯ್ದೆಯ ಪಟ್ಟಿಗೆ ಕೆಲವು ಕಡೆ ನಮ್ಮವರನ್ನೂ ಸೇರಿಸಿದ್ದರು. ಹುಟ್ಟಿದ ಮಗುವೂ ಕಳ್ಳನೇ ಅನ್ನುವ ಕಾಯ್ದೆ. ಅದು ಹೋಗಿದ್ದು 1952ರಲ್ಲಿ. ಇಂಗ್ಲಿಷಿನಲ್ಲಿ ಮೋಸ ಮಾಡುವುದಕ್ಕೆ ‘ಜಿಪ್’ ಅನ್ನುವ ಮಾತೊಂದಿದೆ, ಅದೂ ಜಿಪ್ಸಿಯಿಂದಲೇ ಬಂದದ್ದು ಅಂತ ಓದಿದಾಗ ಆ ಪಟ್ಟಿಯೇ ಕಣ್ಣ ಮುಂದೆ ಬಂತು.

ಬೀದರ್_ಬರ್ಲಿನ್:

ನಾನು ಬೀದರಿನವನು, ಕೆಲಸಕ್ಕಾಗಿ ಕೆಲವು ವರ್ಷ ಬರ್ಲಿನ್‌ನಲ್ಲಿದ್ದೆ. ಹೋದ ಹೊಸತರಲ್ಲಿ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಕೆಂಪು ಮೆಣಸಿನ ಸಾಸಿಗೆ ಅದೇ ತ್ಸಿಗೊಯ್ನರ್ ಹೆಸರಿತ್ತು. ನನಗೆ ಅರ್ಥ ಗೊತ್ತಿರಲಿಲ್ಲ, ಚಪ್ಪರಿಸಿ ತಿಂದೆ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಮೆಲ್ಲಗೆ, ಅದು ಒಳ್ಳೆ ಪದ ಅಲ್ಲ, ಗಟ್ಟಿಯಾಗಿ ಹೇಳಬೇಡ ಅಂದ. 2020ರಲ್ಲಿ ಒಂದು ದೊಡ್ಡ ಕಂಪನಿ ಆ ಸಾಸಿನ ಹೆಸರನ್ನೇ ಬದಲಾಯಿಸಿತು.

ಯಾಕೆ ಆ ಪದ ಅಷ್ಟು ನೋಯಿಸುತ್ತದೆ ಅಂದರೆ, ಹಿಟ್ಲರನ ಆಶ್ವಿಟ್ಜ್ ಶಿಬಿರದಲ್ಲಿ ಇವರ ತೋಳಿನ ಮೇಲೆ ಹಚ್ಚೆ ಹಾಕುವಾಗ ನಂಬರಿನ ಮುಂದೆ ಆ ಪದದ ಮೊದಲ ಅಕ್ಷರ ಬರೆಯುತ್ತಿದ್ದರು. ಮಕ್ಕಳಿಗೂ ಹಾಕಿದ್ದರು. 1944ರ ಆಗಸ್ಟ್ 2ರ ರಾತ್ರಿ ಆ ಶಿಬಿರದಲ್ಲಿ ಉಳಿದಿದ್ದ ಇವರ ಸಾವಿರಾರು ಜನರನ್ನು, ಮುದುಕರು, ಹೆಂಗಸರು, ಮಕ್ಕಳು ಅನ್ನದೆ ಕೊಂದರು. ಹಿಟ್ಲರನ ಕಾಲದಲ್ಲಿ ಇವರಲ್ಲಿ ಒಟ್ಟು ಎಷ್ಟು ಜನ ಸತ್ತರು ಅನ್ನುವುದಕ್ಕೆ ಅಂದಾಜು ಮಾತ್ರ ಇದೆ, ಎರಡು ಲಕ್ಷದಿಂದ ಐದು ಲಕ್ಷದವರೆಗೆ ಹೇಳುತ್ತಾರೆ. ಟೀಚರ್ರೆ, ನಿಮ್ಮ ಪಾಠದಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದಿರಬಹುದು, ದಯವಿಟ್ಟು ಇನ್ನೂ ನಾಲ್ಕು ಸಾಲು ಸೇರಿಸಿ.

ಅಲ್ಲಿನ ಪಾರ್ಲಿಮೆಂಟ್ ಕಟ್ಟಡದ ಹತ್ತಿರವೇ ಇವರ ಸ್ಮಾರಕ ಇದೆ, 2012ರಲ್ಲಿ ತೆರೆದದ್ದು. ಮರಗಳ ನಡುವೆ ದುಂಡನೆಯ ಕೊಳ, ನೀರು ಕಪ್ಪಗೆ ಕಾಣುತ್ತದೆ. ನಡುವೆ ಮೂರು ಮೂಲೆಯ ಕಲ್ಲು. ಅದರ ಮೇಲೆ ಒಂದೇ ಒಂದು ಹೂವು. ದಿನಾ ಆ ಕಲ್ಲು ನೀರಿನೊಳಗೆ ಇಳಿಯುತ್ತದೆ, ಹೊಸ ಹೂವಿಟ್ಟುಕೊಂಡು ಮೇಲೆ ಬರುತ್ತದೆ. ಚಳಿಗಾಲದಲ್ಲಿ ಹೋಗಿದ್ದೆ, ಬೇರೆ ಯಾರೂ ಇರಲಿಲ್ಲ, ಕೈ ಜೇಬಿನಿಂದ ತೆಗೆದು ಮುಗಿದು ಬಂದೆ. ಆ ಸ್ಮಾರಕದ ಹೆಸರಿನಲ್ಲಿ ‘ಸಿಂತಿ ಮತ್ತು ರೋಮಾ’ ಅಂತ ಎರಡೂ ಇದೆ. ಜರ್ಮನಿಯಲ್ಲಿ ಹಳೆಯ ಕಾಲದಿಂದ ಇರುವವರು ತಮ್ಮನ್ನು ಸಿಂತಿ ಅಂತಾರೆ, ರೋಮಾ ಅಂದರೆ ಅನೇಕರು ಒಪ್ಪುವುದಿಲ್ಲ. ಸ್ಪೇನ್, ಫಿನ್‌ಲ್ಯಾಂಡ್ ಕಡೆಯವರು ‘ಕಾಲೆ’, ಅಂದರೆ ಕಪ್ಪು ಬಣ್ಣದವರು. ಫ್ರಾನ್ಸಿನಲ್ಲಿ ‘ಮನುಷ್’ ಅನ್ನುವವರಿದ್ದಾರೆ. ಹೌದು, ನಮ್ಮ ಮನುಷ್ಯನೇ!

ಭೀಮಾತೀರ:

ಒಂದು ಮಾತು. ಬ್ರಿಟನ್‌ನಲ್ಲಿ ಎಷ್ಟೋ ಜನ ತಾವೇ ಜಿಪ್ಸಿ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸ್ಪೇನಿನಲ್ಲಿ ಹಿತಾನೊ ಅನ್ನುವುದೂ ಹಾಗೇ. ಹಾಗಿದ್ದ ಮೇಲೆ ನಾವು ಯಾಕೆ ಜಿಪ್ಸಿ ಅನ್ನಬಾರದು?

ಶಬ್ದದ_ಬೇರು (ಕಲಬುರಗಿ):

ಅವರು ಅನ್ನಬಹುದು, ಅದು ಅವರ ಮನೆಯ ಮಾತು. ನಾವು ಗುರುತಿಲ್ಲದವರನ್ನು ಕರೆಯುವಾಗ ಅವರ ಪ್ರತಿನಿಧಿಗಳು ಕೂಡಿ ಆರಿಸಿದ ಹೆಸರು ಹಿಡಿಯುವುದು ಸರಿ ಅಲ್ವಾ? 1971ರ ಏಪ್ರಿಲ್ 8ರಂದು ಲಂಡನ್ ಹತ್ತಿರ ಅವರ ಮೊದಲ ವಿಶ್ವ ಸಮ್ಮೇಳನ ಸೇರಿತ್ತು. ಜಿಪ್ಸಿ, ತ್ಸಿಗೊಯ್ನರ್ ಬೇಡ, ನಾವು ರೋಮಾ ಅಂತ ತೀರ್ಮಾನ ಮಾಡಿದ್ದು ಅಲ್ಲಿಯೇ. ಅದಕ್ಕೇ ಏಪ್ರಿಲ್ 8 ರೋಮಾ ದಿನ. ಅವರ ಬಾವುಟ ಮೇಲೆ ನೀಲಿ, ಕೆಳಗೆ ಹಸಿರು, ನಡುವೆ ಹದಿನಾರು ಕಡ್ಡಿಯ ಕೆಂಪು ಚಕ್ರ. ಚಂಡೀಗಢದ ಡಬ್ಲ್ಯೂ. ಆರ್. ರಿಷಿ ಅನ್ನುವ ನಮ್ಮ ದೇಶದ ವಿದ್ವಾಂಸರೂ ಆ ಸಮ್ಮೇಳನದಲ್ಲಿದ್ದರು. ರೋಮಾ ಜನರ ನಾಡಗೀತೆ ‘ಗೆಲೆಮ್ ಗೆಲೆಮ್’, ಅಂದರೆ ಹೋದೆ, ಹೋದೆ. ಬೀದರ್ ಕಡೆಯವರಿಗೆ ಮರಾಠಿಯ ‘ಮೀ ಗೇಲೋ’ ನೆನಪಾಗಬೇಕು.

ನಮ್ಮದೇ ಊರು ನೋಡಿ. ಕಾಗದದ ಮೇಲೆ ಗುಲ್ಬರ್ಗಾ, ಹಳ್ಳಿಯಿಂದ ಬಸ್ ಹತ್ತುವ ಅಜ್ಜಿಯ ಬಾಯಲ್ಲಿ ಕಲಬುರ್ಗಿ. ಅಜ್ಜಿಯ ಹೆಸರು ಸರ್ಕಾರದ ಬೋರ್ಡಿಗೆ ಬಂದಿದ್ದು 2014ರ ನವೆಂಬರ್ 1ಕ್ಕೆ.

ಯಾದಗಿರಿ_ವರದಿಗಾರ:

ಡೋಂಬ ಅನ್ನುವ ಪದ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಕನ್ನಡದ ದೊಂಬರು ಅನ್ನುವ ಹೆಸರೂ ಅದೇ ಪದ. ಹಾಗಂತ ಇಲ್ಲಿನ ದೊಂಬರು ಮತ್ತು ಯುರೋಪಿನ ರೋಮಾ ಒಂದೇ ವಂಶ ಅಂತಲ್ಲ, ಕಾಶಿಯ ಸ್ಮಶಾನದ ಡೋಮರೂ ಬೇರೆಯೇ. ಹೆಸರು ಮಾತ್ರ ಒಂದು.

ನಾನು ಸಣ್ಣ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಪಕ್ಷ ಬದಲಿಸಿದವರ ಸುದ್ದಿಗೆ ‘ದೊಂಬರಾಟ’ ಅಂತ ದಪ್ಪಕ್ಷರದಲ್ಲಿ ಹೆಡ್ಡಿಂಗ್ ಕೊಟ್ಟೆ. ಎಲ್ಲರೂ ಬರೆಯುತ್ತಾರೆ, ನಾನೂ ಬರೆದೆ. ಎರಡು ದಿನ ಬಿಟ್ಟು ಒಬ್ಬ ಹಿರಿಯರು ಪೇಪರ್ ಮಡಚಿಕೊಂಡು ಆಫೀಸಿಗೆ ಬಂದರು. ಕೂಗಾಡಲಿಲ್ಲ. ‘ಸಾಹೇಬ್ರೆ, ನನ್ನ ಮಗಳು ಎಂಟು ವರ್ಷಕ್ಕೇ ಹಗ್ಗದ ಮೇಲೆ ನಡೀತಿದ್ಲು. ಒಂದು ಸಲಾನೂ ಸುಳ್ಳು ಹೆಜ್ಜೆ ಹಾಕಿಲ್ಲ. ಹಾಕಿದ್ರೆ ಬೀಳ್ತಿದ್ಲು. ನೀವು ಬರೆದಿರೋ ಮಂದಿ ಆಡೋದು ನಮ್ಮ ಆಟ ಹೆಂಗಾಯ್ತು?’ ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಚಹಾ ತರಿಸಿದೆ, ಕುಡಿಯದೆ ಹೋದರು.

ಜಾತ್ರೆಯಲ್ಲಿ ನೋಡಿದ್ದೀರಲ್ಲ ಆ ಆಟ. ಎರಡೂ ಕಡೆ ಬಿದಿರು ಕತ್ತರಿ ಕಟ್ಟಿ, ಹಗ್ಗ ಬಿಗಿದು, ಹುಡುಗಿ ಕೈಯಲ್ಲಿ ಗಳ ಹಿಡಿದು ನಡೆಯುತ್ತಾಳೆ. ಕೆಳಗೆ ಅಪ್ಪ ಡೋಲು ಬಡಿಯುತ್ತಾನೆ. ಆದರೆ ಅವನ ಕಣ್ಣು ಡೋಲಿನ ಮೇಲಿರುವುದಿಲ್ಲ, ಅವಳ ಅಂಗಾಲಿನ ಮೇಲೆ ಇರುತ್ತದೆ. ಬಡಿತ ನಿಧಾನ ಆದರೆ ಅವಳು ನಿಲ್ಲುತ್ತಾಳೆ. ಆ ದಿನದಿಂದ ನಾನು ಆ ಪದವನ್ನು ಬೈಗುಳವಾಗಿ ಬರೆದಿಲ್ಲ. ಜೊತೆಯವರು ಬರೆದರೆ ಅಳಿಸಲು ಹೇಳುತ್ತೇನೆ, ಕೆಲವರು ಅಳಿಸುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ.

ಚಿಂಚೋಳಿ_ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ವರದಿಗಾರ ಸರ್, ನೀವು ಬರೆದಿದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ, ಅತ್ತೆಯವರು ಕೈಯಲ್ಲಿದ್ದ ರೊಟ್ಟಿ ಹಿಟ್ಟು ಬಿಟ್ಟು ಕೇಳಿದರು.

ಇವತ್ತು ಕ್ಲಾಸ್ ಮಾಡಿದೆ. ರಾಣಾ ಪ್ರತಾಪನ ಇಸವಿ, ಪ್ಯಾರಿಸ್ಸಿನ ಇಸವಿ ಎರಡೂ ಬೋರ್ಡಿನ ಮೇಲೆ ಬರೆದು, ನೀವೇ ಲೆಕ್ಕ ಹಾಕಿ ಅಂದೆ. ಆ ಹುಡುಗನೇ ಕಳೆದು ‘ನೂರಾ ನಲವತ್ತೊಂಬತ್ತು ವರ್ಷ ಮೊದಲೇ ಹೋಗಿದ್ದಾರೆ ಮೇಡಂ’ ಅಂದ. ಮುಖ ಸ್ವಲ್ಪ ಸಣ್ಣದಾಯಿತು. ಆಮೇಲೆ ಅರ್ಥ ಹೇಳದೆ ರೋಮಾನಿ ಪದಗಳನ್ನು ಒಂದೊಂದಾಗಿ ಬರೆದೆ. ಪಾನಿ ಬರೆಯುವಷ್ಟರಲ್ಲಿ ಎಲ್ಲರೂ ನೀರು ಅಂದರು, ಅದು ಹಿಂದಿಯಿಂದಲೂ ಗೊತ್ತಿರುತ್ತದೆ. ನಖ್, ಕನ್ ಬಂದಾಗ ತಾಂಡಾದ ಮಕ್ಕಳು ಮುಂದೆ ಬಂದರು. ಹೆಣ್ಣುಮಕ್ಕಳು ಮೂಗು, ಕಿವಿ ಮುಟ್ಟಿ ತೋರಿಸಿದರು. ಲೋನ್ ಅಂದಾಗ ಒಂದು ಗಳಿಗೆ ಯೋಚಿಸಿ ಅವನೇ ಹೇಳಿದ, ‘ಉಪ್ಪು!’

ಕೊನೆಗೆ ‘ದ್ರೋಮ್’ ಬರೆದೆ. ಯಾರಿಗೂ ಬರಲಿಲ್ಲ, ಬರುವ ಹಾಗೂ ಇಲ್ಲ, ಅದು ಗ್ರೀಕರಿಂದ ತಗೊಂಡ ಪದ. ದಾರಿ ಅಂತ ಹೇಳಿದೆ. ‘ದಾರಿಯಲ್ಲಿ ಸಿಕ್ಕಿದ್ದಾ ಮೇಡಂ?’ ಅಂತ ಕೇಳಿ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡ.